ರಾಜಕುಮಾರನನ್ನು ಕರೆತರಲು ಡಾಬಕಾಕ್ಕೆ

ಭಾಲ್ಕಿಯಿಂದ ಬೆಳಗಿನ ಬಸ್ಸು ಹಿಡಿದೆ. ಕ್ಯಾನ್ಸರಿಗೆ ಅರ್ಧ ನಾಲಿಗೆ ಹೋದ ಮೇಲೆ ಊರಿನ ಹೆಸರು ಹೇಳುವುದೂ ನನಗೆ ಕಷ್ಟ. ಕಂಡಕ್ಟರ್ ಎರಡೆರಡು ಸಲ ಕೇಳಿ, ಆಧಾರ್ ಕಾರ್ಡ್ ನೋಡಿ, ಬೀದರಕ್ಕೆ ಹೆಂಗಸರ ಉಚಿತ ಟಿಕೇಟು ಕೊಟ್ಟ.

ಬೀದರದ ಆಸ್ಪತ್ರೆಯಲ್ಲಿ ನನಗೆ ಮತ್ತೆ ಮಾತು ಕಲಿಸಿದ ಮೇಡಂ ಒಂದು ಕೆಲಸ ಒಪ್ಪಿಸಿದರು. ಅಲ್ಲೇ ಸಮೀಪದ ಕೊಳಾರದ ಗೋದಾಮಿನಲ್ಲಿ ದುಡಿಯುತ್ತಿದ್ದ ರಾಜಕುಮಾರ, ದವಡೆಯ ಕ್ಯಾನ್ಸರ್ ಆಪರೇಷನ್ ಆದ ಮೇಲೆ ಬಾಯಿಯ ವ್ಯಾಯಾಮ ಬಿಟ್ಟು ತನ್ನೂರು ಡಾಬಕಾ ಸೇರಿದ್ದ. "ನಮ್ಮ ಮಾತು ಕೇಳವಲ್ರಿ. ನೀವು ಅನುಭವಿಸಿದವರು, ಒಮ್ಮೆ ಹೋಗಿ ಕರಕೊಂಡು ಬರ್ರಿ," ಎಂದರು.

ಔರಾದ ಮುಟ್ಟುವಾಗ ಬಿಸಿಲು ಏರಿತ್ತು. ಹೋಟೆಲಿನಲ್ಲಿ ಗೋಡೆಗೆ ಮುಖ ಮಾಡಿ ಕುಳಿತು, ಸಾಂಬಾರಿನಲ್ಲಿ ಕಲಸಿದ ಇಡ್ಲಿಯನ್ನು ಗುಟುಕು ಗುಟುಕು ನೀರಿನೊಂದಿಗೆ ನುಂಗಿದೆ. ಅಲ್ಲಿಂದ ಡಾಬಕಾಕ್ಕೆ ಜೀಪು.

ರಾಜಕುಮಾರ ಕುತ್ತಿಗೆಗೆ ಟವಲು ಸುತ್ತಿಕೊಂಡು ಕುಳಿತಿದ್ದ. ಬಾಯಿ ಒಂದು ಬೆರಳಿನಷ್ಟೇ ತೆರೆಯುತ್ತಿತ್ತು. ಚಪ್ಪಟೆ ಕಡ್ಡಿಗಳನ್ನು ಹಲ್ಲುಗಳ ನಡುವೆ ಒಂದೊಂದಾಗಿ ಸೇರಿಸಿ ಬಾಯಿ ಅಗಲಿಸುವುದು ಹೇಗೆಂದು ತೋರಿಸಿದೆ.

"ಬಾಯಿ ತೆರದು ಏನು ಮಾಡ್ಲಿ, ಅಕ್ಕಾ?" ಎಂದು ಟವಲು ಸರಿಸಿದ. ಕಿವಿಯ ಕೆಳಗೆ ನಿಂಬೆಹಣ್ಣಿನಷ್ಟು ಹೊಸ ಗಂಟು.

ಗಂಜಿ ತರುತ್ತಿದ್ದ ಹೆಂಡತಿ ಸಂಗೀತಾ ಹೊಸ್ತಿಲಲ್ಲೇ ಕುಸಿದಳು. "ನಂಗೂ ತೋರಿಸಿಲ್ಲಲ್ಲರೀ!"

ಆ ದಿನವೇ ಬೀದರಕ್ಕೆ ಹೋಗಿ ಡಾಕ್ಟರಿಗೆ ತೋರಿಸೋಣವೆಂದು ಇಬ್ಬರೂ ಅಂಗಲಾಚಿದೆವು. ಕೊನೆಗೆ ಅಂಗಿ ಹಾಕಿಕೊಂಡ. ಸಂಗೀತಾಳಿಗೆ, "ಮಕ್ಕಳು ಸಾಲಿಯಿಂದ ಬರ್ತಾವ, ನೀ ಮನ್ಯಾಗ ಇರು," ಎಂದ. ಅವಳು ನನ್ನ ಎರಡೂ ಕೈ ಹಿಡಿದು, "ನಿಮ್ಮ ಕೈಯಾಗ ಕೊಟ್ಟೀನ್ರಿ ಅಕ್ಕಾ," ಎಂದಳು.

ಔರಾದದಲ್ಲಿ ಬೀದರದ ಬಸ್ಸು ಹತ್ತಿದೆವು. ಸಂತಪುರ ಬಂದಾಗ ಅವನು ಹೇಳದೆ ಕೇಳದೆ ಇಳಿದುಬಿಟ್ಟ. ನಾನೂ ಹಿಂದೆಯೇ ಇಳಿದೆ. ತೋಳು ಹಿಡಿದು ಬೇಡಿಕೊಂಡೆ. ಮಕ್ಕಳ ಮುಖ ನೋಡು ಎಂದೆ.

"ಮತ್ತ ಕೊಯ್ಸಿಕೊಳ್ಳೂ ತಾಕತ್ ನನಗಿಲ್ರಿ," ಎಂದ. ಆಮೇಲೆ ನನ್ನ ಮುಖವನ್ನೇ ನೋಡಿ ಕೇಳಿದ, "ಖರೆ ಹೇಳ್ರಿ ಅಕ್ಕಾ. ನಿಮಗ ತಿರುಗಿ ಬಂದಿದ್ರ, ನೀವು ಹೋಗ್ತಿದ್ರೇನು?"

ಹೌದು ಅನ್ನಬೇಕಿತ್ತು. ಅವನ ತೋಳು ಹಿಡಿದಿದ್ದ ನನ್ನ ಕೈಯನ್ನೇ ನೋಡಿದೆ. ಅದನ್ನೇ ಉತ್ತರವೆಂದು ತಿಳಿದು ಅವನು ತಲೆಯಾಡಿಸಿದ. ಅಷ್ಟರಲ್ಲಿ ಔರಾದದ ಕಡೆ ಹೋಗುವ ಬಸ್ಸು ಬಂತು. ಅವನು ನನ್ನ ಬೆರಳುಗಳನ್ನು ಮೆಲ್ಲಗೆ ಬಿಡಿಸಿ, ಹತ್ತಿದ.

ಬೆನ್ನಿಗೇ ಬಂದ ಬೀದರದ ಬಸ್ಸಿನಲ್ಲಿ ಕುಳಿತು ಹಿಂತಿರುಗಿ ನೋಡಿದೆ. ತೊಗರಿ ಹೊಲಗಳ ನಡುವಿನ ರಸ್ತೆಯಲ್ಲಿ ಅವನ ಬಸ್ಸಿನ ಧೂಳು ಇನ್ನೂ ಇಳಿದಿರಲಿಲ್ಲ.