ಕಣ್ಣು ಮುಚ್ಚಿದ ಮದುಮಗ

ಜರ್ಮನಿಯ ಒಂದು ಸಣ್ಣ ಊರಿನ ಮ್ಯೂಸಿಯಂಗೆ ಕೆಂಪಾಪುರದ ಬಾಡಿಗೆ ಮನೆಯಿಂದಲೇ ಆರು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಆ ಕಡೆಯ ಪ್ರವಾಸಿಗಳು ಒಂದು ಕಾಲದಲ್ಲಿ ನಮ್ಮ ಬಾಗಲಕೋಟೆ, ಗದಗಿನ ಹಳ್ಳಿಗಳಲ್ಲಿ ತೆಗೆದ ಫೋಟೋಗಳು ಅಲ್ಲಿವೆ. ಒಂದೊಂದರಲ್ಲೂ ಏನಿದೆ ಎಂದು ಜರ್ಮನ್‌ನಲ್ಲಿ ಬರೆಯುವುದು ನನ್ನ ಕೆಲಸವಾಗಿತ್ತು.

ಹೋದ ವರ್ಷ ಅಲ್ಲಿನ ಮೇಲ್ವಿಚಾರಕಿ ವಿಡಿಯೋ ಕರೆ ಮಾಡಿ, "ಇನ್ನು ಕಂಪ್ಯೂಟರೇ ಬರೆಯುತ್ತೆ. ನೀವು ಸರಿಯಿದೆಯಾ ಅಂತ ನೋಡಿದರೆ ಸಾಕು," ಎಂದರು. ಹಾಗೆನ್ನುವಾಗ ನನ್ನ ಮುಖ ನೋಡಲಿಲ್ಲ. ನಿಧಾನ ಮಾಡಿದರೆ ಇದೂ ತಪ್ಪಿಹೋದೀತೆಂದು ಹೆದರಿ, ಸರಸರನೆ 'ಸರಿ' ಒತ್ತತೊಡಗಿದೆ. ಒಮ್ಮೆ ಒತ್ತಿದರೆ ಮತ್ತೆ ತಿದ್ದಲು ಮೇಲ್ವಿಚಾರಕಿಯಿಂದ ಮಾತ್ರ ಸಾಧ್ಯವಿತ್ತು.

ಒಂದು ಮಧ್ಯಾಹ್ನ ಮನೆಯ ಓನರಮ್ಮ ಅವರೆಕಾಳು ಸಾರು ಕೊಡಲು ಬಂದು ಪರದೆಯ ಮೇಲಿದ್ದ ಫೋಟೋದತ್ತ ಬಗ್ಗಿದರು. ಕೆಂಪಾಪುರ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲೇ ಹುಟ್ಟಿದವರು.

"ಏನಮ್ಮ ಇದು?"

"ಮದುವಿ ಮೆರವಣಿಗಿ ಅಂತ್ರೀ," ಎಂದೆ. ಕಂಪ್ಯೂಟರ್ ಹಾಗೆ ಬರೆದಿತ್ತು. ನಾನು ಆಗಷ್ಟೇ 'ಸರಿ' ಒತ್ತಿದ್ದೆ.

"ಮದ್ವೆ ಗಂಡು ಯಾಕಮ್ಮ ಇಂಗೆ ಕಣ್ಮುಚ್ಕೊಂಡವ್ನೆ?"

ಆಗ ನೋಡಿದೆ. ಅವನನ್ನು ವಿಮಾನ ಎನ್ನುವ ಹೂವಿನ ಮಂಟಪದಲ್ಲಿ ಕೂರಿಸಿ, ಗದ್ದ ಜೋಲದಂತೆ ಬಟ್ಟೆ ಬಿಗಿದು, ಹಣೆ ತುಂಬ ವಿಭೂತಿ ಬಳಿದಿದ್ದರು. ನಮ್ಮಜ್ಜನನ್ನೂ ಹೀಗೆಯೇ ಹೊತ್ತಿದ್ದರು. ಒಂಬತ್ತು ವರ್ಷದ ನಾನು ಅಳುತ್ತ ಹಿಂದೆ ನಡೆದಿದ್ದೆ.

"ಯವ್ವಾ, ಹೆಣಾ ರೀ ಅದು!"

ಕೆಲಸ ಹೋದೀತೆಂಬ ಭಯ ನನಗೆ ಹಳೆಯದು. ನನ್ನ ಕಣ್ಣನ್ನೇ ನಾನು ನಂಬಲಾಗದು ಎಂಬ ಭಯ ಅಂದೇ ಶುರುವಾದದ್ದು.

ಮೇಲ್ವಿಚಾರಕಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಕೂಡಲೇ ತಿದ್ದಿದರು. "ಇವತ್ತೇ ಹೇಳಿದ್ದು ಒಳ್ಳೆಯದಾಯಿತು. ಶುಕ್ರವಾರ ನನ್ನ ಕೊನೆಯ ದಿನ," ಎಂದರು.

"ನಿಮ್ಮ ಜಾಗಕ್ಕೆ ಯಾರು ಬರುತ್ತಾರೆ?"

"ಯಾರೂ ಬರುವುದಿಲ್ಲ."

"ಮತ್ತೆ ತಪ್ಪು ಸಿಕ್ಕರೆ ಯಾರಿಗೆ ಹೇಳಲಿ?"

"ನನಗೂ ಗೊತ್ತಿಲ್ಲ," ಎಂದರು.

ನಾನು ಒಪ್ಪಿದ್ದ ಫೋಟೋಗಳನ್ನೆಲ್ಲ ಮತ್ತೆ ತೆರೆದೆ. ಓನರಮ್ಮ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಇನ್ನೂ ಹನ್ನೊಂದು ತಪ್ಪು ಸಿಕ್ಕವು; ಅಷ್ಟನ್ನೂ ಮೇಲ್ವಿಚಾರಕಿ ತಿದ್ದಿಕೊಟ್ಟರು. ಅರ್ಧಕ್ಕರ್ಧ ಫೋಟೋ ಉಳಿದಿರುವಾಗಲೇ ಶುಕ್ರವಾರ ಮುಗಿಯಿತು. ಸೋಮವಾರ ಅವರಿಗೆ ಕಳಿಸಿದ ಮೇಲ್ ವಾಪಸ್ ಬಂತು.

ಈಗಲೂ ಹೊಸ ಫೋಟೋ ಬರುತ್ತವೆ. ಒಂದೊಂದನ್ನೂ ಹೆದರಿ ಹೆದರಿ ನೋಡುತ್ತೇನೆ. ನನ್ನ ಕೊನೆಯ ದಿನ ಯಾವುದೆಂದು ಹೇಳಲು ಆ ಕಡೆ ಯಾರೂ ಇಲ್ಲ.