ನವಿಲಿಗೆ ಕಲ್ಲು ಹೊಡೆದ ಹಂಪಕ್ಕ

ಹಂಪಕ್ಕ ನವಿಲಿಗೆ ಕಲ್ಲು ಹೊಡೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ರಾಯದುರ್ಗದಲ್ಲಿ ಯಾರ ಮುಂದೆ ಹೇಳಿದರೂ "ಬಿಡಪ್ಪ, ಇಷ್ಟು ಸುಳ್ಳು ಹೇಳಬ್ಯಾಡ" ಎನ್ನುತ್ತಾರೆ. ಅವರನ್ನೇನು ಅನ್ನಲಿ, ನೋಡಿದ ನನಗೇ ಅದು ಇನ್ನೂ ಅರಗಿಲ್ಲ. ತಮ್ಮ ಊಟ ಮರೆತರೂ ನವಿಲಿನ ಜೋಳ ಮರೆಯದ ಹೆಂಗಸು ಅವರು. ಅಂಥವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೆಟ್ಟದ ಬುಡದಲ್ಲಿ ನಿಂತು, ಕೈಗೆ ಸಿಕ್ಕ ಕಲ್ಲನ್ನು ಬೀಸಿ ಒಗೆದರು ಎಂದರೆ ಯಾರು ನಂಬಿಯಾರು?

ಹಂಪಕ್ಕ ನಮ್ಮ ಜೀನ್ಸ್ ಯೂನಿಟ್ಟಿನ ಮಾಲಕಿ. ಕೋಟೆ ಬೆಟ್ಟದ ಹಿಂಬದಿಗೆ, ಊರು ಮುಗಿಯುವಲ್ಲಿ, ಒಂದು ತಗಡಿನ ಶೆಡ್ಡು. ನಾನು ಅಲ್ಲಿ ಕಟಿಂಗ್ ಮಾಸ್ಟರ್. ಅವರು ಕುಳ್ಳಗೆ, ಗುಂಡಗೆ ಇದ್ದರು. ಕೊರಳಲ್ಲಿ ಒಂದು ದಾರಕ್ಕೆ ನೂಲು ಕತ್ತರಿಸುವ ಪುಟ್ಟ ಕತ್ತರಿ ಸದಾ ತೂಗಾಡುತ್ತಿತ್ತು. ಮಾತಾಡುತ್ತ ಮಾತಾಡುತ್ತಲೇ ಎದುರಿಗಿದ್ದವರ ಅಂಗಿಯಲ್ಲಿ ಜೋತುಬಿದ್ದ ಎಳೆ ಕಂಡರೆ ಚಕ್ಕೆಂದು ಕತ್ತರಿಸಿಬಿಡುವುದು ಅವರ ಚಾಳಿ. ಒಮ್ಮೆ ಕರೆಂಟು ಬಿಲ್ಲು ಕೊಡಲು ಬಂದಾತನ ತೋಳಿನ ಹತ್ತಿರ ಹೀಗೇ ಕತ್ತರಿ ಹಾಕಿದಾಗ, ಆತ ಹೌಹಾರಿ ಹಿಂದಕ್ಕೆ ಜಿಗಿದು ಬಟ್ಟೆಯ ರಾಶಿಯ ಮೇಲೆ ಅಂಗಾತ ಬಿದ್ದಿದ್ದ. "ಯಾಕ ಬೀಳ್ತಿಯಪ್ಪ, ದಾರ ಕತ್ತರಿಸಿದ್ರ ಜೀವ ಹೋಗ್ತೈತೇನು?" ಎಂದು ಅವರೇ ಕೈಹಿಡಿದು ಎಬ್ಬಿಸಿ ಚಹಾ ಕುಡಿಸಿ ಕಳಿಸಿದರು.

ಅವರಿಗೆ ಇದ್ದ ಒಂದೇ ಹುಚ್ಚು ಹೊತ್ತಿನದು. "ತಡಾ ಮಾಡೋದು ಅಂದ್ರ ಇನ್ನೊಬ್ರ ಹೊಟ್ಟಿ ಮ್ಯಾಲ ಕುಂಡ್ರೋದು" ಎನ್ನುತ್ತಿದ್ದರು. ಚಹಾಕ್ಕೆ, ಊಟಕ್ಕೆ ಗಂಟೆ ಬಾರಿಸುವ ಕೆಲಸವನ್ನು ಮನುಷ್ಯರ ಕೈಗೆ ಕೊಟ್ಟರೆ ಒಂದು ದಿನ ಮುಂಚೆ, ಒಂದು ದಿನ ತಡ ಎಂದು ಅದಕ್ಕೊಂದು ಟೈಮರ್ ಕೂಡಿಸಿದ್ದರು. ಒಂದು ದಿನ ಬೆಳಗಿನಿಂದ ಕರೆಂಟಿಲ್ಲ. ಮಿಷನ್ನುಗಳು ಜನರೇಟರಿನಲ್ಲಿ ಓಡುತ್ತಿದ್ದವು, ಅದಕ್ಕೆ ಸೇರಿಸದ ಗಂಟೆಯ ಟೈಮರ್ ಮಾತ್ರ ಸದ್ದಿಲ್ಲದೆ ನಿಂತುಬಿಟ್ಟಿತ್ತು. ನಮ್ಮ ಹೊಟ್ಟೆ ತಾಳ ಹಾಕತೊಡಗಿದರೂ ಗಂಟೆ ಇಲ್ಲ. ಓವರ್‌ಲಾಕ್ ಮಿಷನ್ನಿನ ರಾಮುಲಮ್ಮ ತಡೆಯಲಾರದೆ ತನ್ನ ತೆಲುಗಿನಲ್ಲಿ "ಅಕ್ಕಾ, ಆಕಲೇಸ್ತೋಂದಿ!" ಎಂದು ಕೂಗಿದಳು. "ನನಗೂ ಹಸದೈತಿ. ಗಂಟಿ ಆಗಿಲ್ಲಲ್ಲ!" ಎಂದರು ಹಂಪಕ್ಕ. ಕೊನೆಗೆ ಶಾಲೆ ಬಿಟ್ಟ ಮಕ್ಕಳು ಚೀಲ ಹೊತ್ತು ಮನೆಗೆ ಹೋಗುವುದು ಕಿಟಕಿಯಲ್ಲಿ ಕಂಡಿತು. ಎಲ್ಲರೂ ದಂಗಾಗಿ ಮುಖ ಮುಖ ನೋಡಿಕೊಂಡೆವು. ಹಂಪಕ್ಕ ಹಣೆ ಚಚ್ಚಿಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಮರುದಿನವೇ ಬಳ್ಳಾರಿಗೆ ಹೋಗಿ, ಒಳಗೆ ಬ್ಯಾಟರಿ ಇರುವ, ದಿನಕ್ಕೆ ಹತ್ತಾರು ಹೊತ್ತು ಗುರುತು ಹಾಕಿಡಬಹುದಾದ ಟೈಮರ್ ತಂದರು. ಒಂದಲ್ಲ, ಎರಡು.

ಎರಡನೆಯದು ನವಿಲಿಗೆ. ಬೆಟ್ಟದಿಂದ ಇಳಿದು ನಮ್ಮ ಶೆಡ್ಡಿನ ಹಿಂದಿನ ಬಯಲಿಗೆ ಬರುತ್ತಿದ್ದ ನವಿಲುಗಳಿಗೆ ಹಂಪಕ್ಕ ಎಷ್ಟೋ ವರ್ಷಗಳಿಂದ ಕೈಯಾರೆ ಜೋಳ ಚೆಲ್ಲುತ್ತಿದ್ದರು. ಚೆಲ್ಲಿ, ಅವು ತಿಂದು ಮುಗಿಸುವವರೆಗೂ ಅಲ್ಲೇ ಬಂಡೆಯ ಮೇಲೆ ಕೂತು ಅವುಗಳ ಜೊತೆ ಊರ ಸುದ್ದಿಯೆಲ್ಲ ಮಾತಾಡುತ್ತಿದ್ದರು. ಬಟ್ಟೆ ತರಲು ಪರವೂರಿಗೆ ಹೋದ ದಿನ ಮಾತ್ರ ಅವರ ಜೀವ ಇಲ್ಲೇ ಇರುತ್ತಿತ್ತು. "ರವಿವಾರ ನಮಗ ರಜಾ. ಹೊಟ್ಟಿಗೆ ರಜಾ ಐತೇನು ಮಾಸ್ಟರ?" ಎಂದು ನನ್ನನ್ನು ಕೇಳುತ್ತಿದ್ದರು, ನಾನೇ ರಜೆ ಕೊಟ್ಟವನ ಹಾಗೆ.

ಕೊನೆಗೆ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಮೇಲೊಂದು ನೀಲಿ ಡ್ರಮ್ಮು ಕೂಡಿಸಿ, ಅದರ ತಳಕ್ಕೆ ಹಳೆಯ ಹೊಲಿಗೆ ಮಿಷನ್ನಿನ ಮೋಟರು, ಮೋಟರಿಗೊಂದು ತಟ್ಟೆ, ಗೋಡೆಗೆ ಟೈಮರ್ ಹಾಕಿಸಿದರು. ಮೊದಲ ಸಲ ಅದು ತಿರುಗುವುದನ್ನು ನೋಡಲು ಯೂನಿಟ್ಟೆಲ್ಲ ಹಿಂದೆ ನಿಂತಿತ್ತು. ಯಾರೂ ಮುಟ್ಟಲಿಲ್ಲ, ಹತ್ತಿರ ಯಾರೂ ಇರಲಿಲ್ಲ. ಇದ್ದಕ್ಕಿದ್ದಂತೆ ಗರ್ರೆಂದು ತಟ್ಟೆ ತಿರುಗಿ ಜೋಳ ಸುತ್ತಲೂ ಸಿಡಿಯಿತು. ರಾಮುಲಮ್ಮ "ಅಯ್ಯೋ ದೇವುಡಾ, ದೆಯ್ಯಂ!" ಎಂದು ಓಡಿದಳು. ನವಿಲುಗಳೂ ಓಡಿದವು.

ಆದರೆ ಹೊಟ್ಟೆಗೆ ದೆವ್ವದ ಭಯ ಎಷ್ಟು ದಿನ? ಬೆಳಿಗ್ಗೆ ಆರಕ್ಕೆ ಕಾಳು ಬೀಳುತ್ತದೆ ಎಂದು ಅವು ಕಲಿತವು. ಕಲಿತದ್ದಷ್ಟೇ ಅಲ್ಲ, ಮೋಟರು ತಿರುಗುವುದಕ್ಕೆ ಮೊದಲೇ ಬಂದು ಡ್ರಮ್ಮಿನ ಸುತ್ತ ಕತ್ತು ಎತ್ತಿಕೊಂಡು ನಿಲ್ಲತೊಡಗಿದವು. ಅದನ್ನು ಮೊದಲು ನೋಡಿದ ದಿನ ನನಗೆ ನಂಬಿಕೆಯೇ ಬರಲಿಲ್ಲ. ಕಾಡಿನ ಹಕ್ಕಿಗೆ ಗಡಿಯಾರ ಗೊತ್ತಾದರೆ ಹೇಗೆ? ಹಂಪಕ್ಕನ ಹೆಮ್ಮೆ ಮಾತ್ರ ಹೇಳತೀರದು. "ನೋಡು ಮಾಸ್ಟರ, ನಿಮಗಿಂತ ಇವು ವಾಸಿ. ಒಂದು ದಿನ ತಡಾ ಇಲ್ಲ" ಎನ್ನುತ್ತಿದ್ದರು. ಊರಿನವರು ಬಂದು ಫೋನಿನಲ್ಲಿ ವಿಡಿಯೋ ಹಿಡಿದರು. ಆರಕ್ಕೆ ಹೋದರೆ ನವಿಲು ಗ್ಯಾರಂಟಿ ಎಂಬ ಮಾತು ಬಸ್ ಸ್ಟ್ಯಾಂಡಿನವರೆಗೂ ಹೋಯಿತು. ಕೆಲವು ತಿಂಗಳಿಗೆ ಎಲ್ಲರಿಗೂ ನೋಡಿ ಸಾಕಾಯಿತು. ಟೈಮರ್ ಇರುವಾಗ ನಾನ್ಯಾಕ ಎಂದು ಹಂಪಕ್ಕನೂ ಬೆಳಗಿನ ಹೊತ್ತು ಬರುವುದನ್ನು ಬಿಟ್ಟರು.

ಒಂದು ದಿನ ಬಟ್ಟೆಯ ಲಾರಿ ನಸುಕಿಗೇ ಬರುವುದಿತ್ತು. ಇಳಿಸಿಕೊಳ್ಳಲು ನಾವಿಬ್ಬರೂ ಬೇಗ ಬಂದಿದ್ದೆವು. ಹಿಂದಿನಿಂದ ಮೋಟರಿನ ಸದ್ದು ಕೇಳಿಸಿತು, ಅದರ ಬೆನ್ನಿಗೇ ರೆಕ್ಕೆ ಬಡಿಯುವ ಸದ್ದು. "ಬಂದಾವ ನೋಡು, ಹೋಗಿ ಮಾತಾಡಿಸಿ ಬರ್ತೀನಿ" ಎಂದು ಹಂಪಕ್ಕ ನಗುತ್ತ ಹೋದರು. ಹೋದವರು ತಿರುಗಿ ಬರಲಿಲ್ಲ. ನಾನು ಹೋಗಿ ನೋಡಿದೆ.

ಜೋಳ ಬೀಳುವ ಜಾಗದ ಸುತ್ತ ಯಾರೋ ನೆಲಕ್ಕೆ ಗೂಟ ಬಡಿದು ಉರುಲು ಹಾಕಿದ್ದರು. ಅಲ್ಲಲ್ಲಿ ಕಿತ್ತ ಗರಿ, ಮಣ್ಣಿನಲ್ಲಿ ಒಣಗಿದ ರಕ್ತ. ಇದು ಇವತ್ತಿನ ಒಂದು ದಿನದ್ದಲ್ಲ ಎಂದು ನೋಡಿದರೇ ತಿಳಿಯುತ್ತಿತ್ತು. ಉರುಲಿಗೆ ಹೊಸೆದಿದ್ದ ದಾರ ಕಂದು ಹಳದಿಯದು, ಜೀನ್ಸಿನ ಹೊಲಿಗೆಗೆ ಹಾಕುವ ದಪ್ಪ ದಾರ. ದಿನವಿಡೀ ನಾವು ಮುಟ್ಟುವ ದಾರ. ನಮ್ಮ ಯೂನಿಟ್ಟಿನದೇ ಇರಬಹುದು, ಬೇರೆಯದೇ ಇರಬಹುದು, ಊರ ತುಂಬ ಅದೇ ದಾರ. ಒಂದು ಹೆಣ್ಣು ನವಿಲು ಕಾಲು ಸಿಕ್ಕಿಸಿಕೊಂಡು ಇನ್ನೂ ಒದ್ದಾಡುತ್ತಿತ್ತು. ಹಂಪಕ್ಕ ಮಂಡಿಯೂರಿ, ಕೊರಳ ಕತ್ತರಿಯಿಂದ ದಾರ ಕತ್ತರಿಸಿದರು. ಅದು ಅವರ ಮುಂಗೈಯನ್ನು ಪರಚಿ, ಕುಂಟುತ್ತ ಬೆಟ್ಟದ ಕಡೆ ಹೋಯಿತು.

ನಾನು ಪೊಲೀಸು, ಕೇಸು, ಯಾವನವನು ಎಂದು ಅರಚಾಡಿದೆ. ಹಂಪಕ್ಕ ಕತ್ತರಿಸಿದ ದಾರವನ್ನು ಕೈಯಲ್ಲಿ ಹಿಡಿದು ನನಗೆ ತೋರಿಸಿದರು.

"ಉರ್ಲು ಹಾಕಿದಾವ ಯಾವನೋ ಮಾಸ್ಟರ. ಕರದಾಕಿ ನಾನು."

"ಏನ್ ಮಾತಂತ ಆಡ್ತೀರಿ ಅಕ್ಕ? ನೀವು ಅನ್ನ ಹಾಕಿದ್ರಿ."

"ನಾ ಕುಂತು ಹಾಕ್ತಿದ್ದಾಗ ಒಬ್ಬನಾದ್ರೂ ಹತ್ರ ಬಂದಿದ್ನೇನು? ಟೈಮರ್ ಕಾಳು ಹಾಕ್ತೈತಿ. ಕಾಯ್ತೈತೇನು?"

ಅರಣ್ಯ ಇಲಾಖೆಯವರಿಗೆ ತಿಳಿಸಿದೆವು. ಬಂದು ಉರುಲು ಕಿತ್ತುಕೊಂಡು, ಇನ್ನು ಮೇಲೆ ಕಾಳು ಹಾಕಬೇಡಿ ಎಂದು ಹೇಳಿ ಹೋದರು. ಅದು ಹಂಪಕ್ಕನಿಗೆ ಒಪ್ಪಿಗೆಯಾಗಲಿಲ್ಲ, ಒಮ್ಮೆಲೇ ಬಿಟ್ಟರೆ ಉಪವಾಸ ಬೀಳುತ್ತವೆ ಎಂಬ ಸಂಕಟ. ನಾನೇ ಒಂದು ಉಪಾಯ ಹೇಳಿದೆ, ಟೈಮರಿನಲ್ಲಿ ಒಂದೊಂದು ದಿನಕ್ಕೆ ಒಂದೊಂದು ಬೇರೆ ಹೊತ್ತು ಗುರುತು ಹಾಕೋಣ, ನವಿಲು ಯಾವಾಗ ಬರುತ್ತವೆಂದು ಯಾರಿಗೂ ತಿಳಿಯುವುದಿಲ್ಲ ಎಂದು. ಹಾಗೇ ಮಾಡಿದೆವು. ಮರುದಿನ ಮಧ್ಯಾಹ್ನಕ್ಕೆ ಗುರುತು ಹಾಕಿ, ನೋಡೋಣವೆಂದು ಬೆಳಿಗ್ಗೆ ಬಂದು ನಿಂತೆವು. ಆರಕ್ಕೆ ಅವು ಬಂದವು. ಎಲ್ಲಕ್ಕಿಂತ ಮುಂದೆ ಆ ಕುಂಟು ಹೆಣ್ಣು. ತನ್ನ ಕಾಲು ಸಿಕ್ಕಿದ್ದ ಜಾಗದಲ್ಲೇ ಬಂದು ನಿಂತು, ಕತ್ತೆತ್ತಿ ಡ್ರಮ್ಮನ್ನು ನೋಡತೊಡಗಿತು. ನಿನ್ನೆಯಷ್ಟೇ ಸಾವಿನ ಬಾಯಿಂದ ಬಂದ ಪ್ರಾಣಿ!

"ಟೈಮು ಬದಲ್ ಮಾಡಿದ್ರ ಮಿಷನ್ ಕೇಳ್ತೈತಿ. ಇವು ಕೇಳಂಗಿಲ್ಲ" ಎಂದರು ಹಂಪಕ್ಕ. ಆ ಕುಂಟು ಹೆಣ್ಣನ್ನು ನೋಡಿ "ಏ ಹುಚ್ಚಿ, ನಿನಗ ಬುದ್ಧಿ ಬರಲಿಲ್ಲೇನ? ಹೋಗು! ಹೋಗಂತೀನಿ!" ಎಂದು ಕೂಗಿದರು. ದನಿಯ ಗುರುತು ಸಿಕ್ಕಿತೋ ಏನೋ, ಅದು ಹೋಗುವ ಬದಲು ಅವರ ಕಡೆಗೇ ಕುಂಟುತ್ತ ಬಂತು. ಆಗ ಹಂಪಕ್ಕ ಬಗ್ಗಿ ಕಲ್ಲು ಎತ್ತಿಕೊಂಡರು. ನಾನು ಬೆದರಿಸಲು ಎಂದುಕೊಂಡೆ. ಕಲ್ಲು ಹೋಗಿ ಅದರ ರೆಕ್ಕೆಗೆ ಬಡಿಯಿತು. ಅದು ಕಿರುಚಿದ ದನಿ, ಹಂಪಕ್ಕನ ಬಾಯಿಂದ ಬಂದ ದನಿ, ಯಾವುದು ಯಾವುದೆಂದು ನನಗೆ ತಿಳಿಯಲಿಲ್ಲ.

ಅವತ್ತೇ ಡ್ರಮ್ಮು ಕೆಳಗಿಳಿಯಿತು. ಆದರೆ ಹಂಪಕ್ಕ ದಿನಾ ಬೆಳಿಗ್ಗೆ ಅಲ್ಲಿಗೆ ಹೋಗುವುದು ಮತ್ತೆ ಶುರುವಾಯಿತು. ಕೈಯಲ್ಲಿ ಎಣ್ಣೆಯ ಖಾಲಿ ಡಬ್ಬಿ, ಒಂದು ಕೋಲು. ನವಿಲು ಕಂಡ ಕೂಡಲೇ ಡಬ್ಬಿ ಬಡಿಯುವುದು, ಕಲ್ಲು ಒಗೆಯುವುದು, ಬಾಯಿಗೆ ಬಂದಂತೆ ಬೈಯುವುದು. ಮಳೆ ಬಂದರೂ ತಪ್ಪಿಸಲಿಲ್ಲ, ಜ್ವರ ಬಂದರೂ ತಪ್ಪಿಸಲಿಲ್ಲ. ಅಕ್ಕನಿಗೆ ತಲೆ ಕೆಟ್ಟಿದೆ ಎಂದು ಯೂನಿಟ್ಟಿನಲ್ಲಿ ಗುಸುಗುಸು ಆಯಿತು. ರಾಮುಲಮ್ಮ ಒಂದು ದಿನ ಧೈರ್ಯ ಮಾಡಿ ಯಾಕಕ್ಕಾ ಹೀಗೆ ಎಂದು ಕೇಳಿಯೇಬಿಟ್ಟಳು. "ಮನುಷ್ಯಾರ್ನ ಕಂಡ್ರ ಓಡ್ಬೇಕು ಅವು. ಅದನ್ನ ಮರೆಸಿದಾಕಿ ನಾನು. ನಾನ ಕಲಿಸ್ಬೇಕಲ್ಲೇನು?" ಎಂದರು. ಬೈದು ಬಂದ ಮೇಲೆ ಅವರು ನಾಷ್ಟಾ ಮಾಡುತ್ತಿರಲಿಲ್ಲ. ಡಬ್ಬಿ ಬಡಿದು ಬಡಿದು ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಬರುವ ನವಿಲು ದಿನದಿಂದ ದಿನಕ್ಕೆ ಕಡಿಮೆಯಾದವು, ಪೂರ್ತಿ ಮಾತ್ರ ನಿಲ್ಲಲಿಲ್ಲ.

ಅಷ್ಟರಲ್ಲೇ ಅವರಿಗೆ ಬಿ.ಪಿ. ಏರಿ, ಲಕ್ವ ಹೊಡೆದು, ಮೈಯ ಒಂದು ಭಾಗ ಬಿದ್ದುಹೋಯಿತು. ಬಳ್ಳಾರಿಯ ಆಸ್ಪತ್ರೆಗೆ ಸೇರಿಸಿದರು. ಬೆಟ್ಟದ ಬುಡಕ್ಕೆ ನಾನು ಹೋಗತೊಡಗಿದೆ, ಅವರದೇ ಡಬ್ಬಿ ಹಿಡಿದುಕೊಂಡು. ಒಂದು ವಾರ ಬಿಟ್ಟು ನೋಡಲು ಹೋದಾಗ ನನ್ನನ್ನು ಕೂಡ್ರು ಎನ್ನಲೂ ಇಲ್ಲ. ಸೊಟ್ಟಾದ ಬಾಯಲ್ಲಿ ಕೇಳಿದ್ದು ಒಂದೇ.

"ಬಂದಿದ್ವಾ?"

"ಇವತ್ತು ಒಂದೂ ಬರ್ಲಿಲ್ರಿ ಅಕ್ಕ."

"ಕಣ್ಣಿಗೂ ಬೀಳ್ಲಿಲ್ಲ?"

"ಬೆಟ್ಟದಾಗ ಬಂಡೆಗಲ್ಲಿನ ಮ್ಯಾಲ ಒಂದು ಹೆಣ್ಣು ಕಂಡಿತ್ರಿ, ಮರಿ ಕಟ್ಕೊಂಡು. ನನ್ನ ನೋಡಿದ್ದೇ ತಡ, ಮರಿ ಎಲ್ಲ ಕರ್ಕೊಂಡು ಪೊದಿ ಹಿಂದ ಓಡಿಹೋತು. ಡಬ್ಬಿನೂ ಬಡೀಲಿಲ್ರಿ ನಾನು."

"ಓಡಿಹೋತಾ?"

"ಓಡಿಹೋತ್ರಿ."

ಅದನ್ನು ಇನ್ನೊಂದು ಸಲ ಹೇಳಿಸಿದರು. ಮರಿಗಳೂ ಓಡಿದವೋ ಎಂದು ಕೇಳಿ ಖಾತ್ರಿ ಮಾಡಿಕೊಂಡರು. "ಬದುಕ್ಯಾವ ಬಿಡು" ಎಂದು ಕಣ್ಣು ಮುಚ್ಚಿದರು. ನಿದ್ದೆ ಹತ್ತಿತೇನೋ ಎಂದು ನಾನು ಸದ್ದಾಗದಂತೆ ಎದ್ದೆ. ಬಾಗಿಲ ಹತ್ತಿರ ಹೋದಾಗ ಕರೆದರು. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದರು.

"ಮಾಸ್ಟರ, ನನ್ನ ಕಂಡ್ರೂ ಓಡ್ತಾವೇನೋ?"

ನಾನು ತಿರುಗಿ ಬಂದು ಮಂಚದ ಹತ್ತಿರ ನಿಂತೆ.

"ಓಡ್ತಾವ್ರಿ ಅಕ್ಕ" ಎಂದೆ.