ಬಿಸಿಲಿಗೆ ಹಾಕಿದ ಮೂವತ್ತೇಳು ಡಿಸ್ಕು

ಹಾಲವ್ವ ಇಸ್ಮತಳನ್ನು ಮೊದಲು ಕಂಡದ್ದು 1999ರ ಜೂನ್ ಇಪ್ಪತ್ತೊಂದು, ಸೋಮವಾರ. ಜತ್ತದ ಕಾಲೇಜಿನ ಗ್ರಂಥಾಲಯದ ನೆಲ ಒರೆಸಿ ಹಾಲವ್ವ ಬಾಗಿಲಲ್ಲಿ ನಿಂತಿದ್ದಳು. ಬಿಳೂರಿನ ಬಸ್ಸಿಳಿದು ಬಂದ ತೆಳ್ಳನೆಯ ಹುಡುಗಿಯೊಬ್ಬಳು ಹೊರಗೇ ಚಪ್ಪಲಿ ಬಿಟ್ಟಳು.

"ಚಪ್ಪಲಿ ಯಾಕ ಬಿಟ್ರಿ? ಇದೇನ ಗುಡಿ ಅಲ್ಲ, ಬರ್ರಿ ಒಳಗ."

"ನೀವು ಈಗ ನೆಲಾ ಒರಸೀರಿ. ಮೊದಲನೇ ದಿನಾನ ಹೊಲಸ ಮಾಡಿ ನಿಮ್ಮ ಕಡಿಂದ ಬೈಸಿಕೊಳ್ಳಲೇನ ಮಾವಶಿ?"

ಹೊಸ ಗ್ರಂಥಪಾಲಕಿ ಅವಳೇ ಎಂದು ಹಾಲವ್ವನಿಗೆ ಆಮೇಲೆ ತಿಳಿಯಿತು. ಕಾಲೇಜಿನ ಹುಡುಗರಂತೆ ಅವಳೂ ಕೊನೆಯವರೆಗೆ, ಚಿಕ್ಕಮ್ಮನಿಗೆ ಅನ್ನುವ ಹಾಗೆ, ಮಾವಶಿ ಎಂದೇ ಕರೆದಳು.

ಇಸ್ಮತಳ ತಂದೆ ಬಿಳೂರಿನಲ್ಲಿ ಗಾದಿಗೆ ಹತ್ತಿ ತುಂಬುವವರು. ಮಗಳಿಗೆ ಎಲ್ಲದರಲ್ಲೂ ಅಂಜಿಕೆ. ಸಂಜೆ ಕೀಲಿ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುವಳು. ಬಸ್ ನಿಲ್ದಾಣದ ಅರ್ಧ ದಾರಿಗೆ ಹೋಗಿ ಮತ್ತೆ ಬಂದು ಜಗ್ಗಿದ್ದೂ ಉಂಟು. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟ ಹಾಲವ್ವನಿಗೆ ಅಂಕಿ ಚೆನ್ನಾಗಿ ಬರುತ್ತಿತ್ತು, ಅಕ್ಷರ ಕೂಡಿಸಿ ಓದಬೇಕಾಗುತ್ತಿತ್ತು. ಆದರೂ ಪುಸ್ತಕ ಎಣಿಸುವಾಗ ಇಸ್ಮತ ತನ್ನ ಲೆಕ್ಕಕ್ಕಿಂತ ಹಾಲವ್ವನ ಲೆಕ್ಕವನ್ನೇ ನಂಬುತ್ತಿದ್ದಳು.

2003ರಲ್ಲಿ ಕಾಲೇಜಿನವರು ಕೆಲವು ಜರ್ನಲುಗಳನ್ನು ಕಂಪ್ಯೂಟರಿನಲ್ಲಿ ತರಿಸತೊಡಗಿದರು. ಅಂದಿನಿಂದ ಇಸ್ಮತಳ ಅಂಜಿಕೆ ಹೆಚ್ಚಿತು.

"ಮೊದಲ ಟಪಾಲಿನ್ಯಾಗ ಬರತಿದ್ವು ಮಾವಶಿ. ಚಂದಾ ನಿಂತ್ರೂ ಬಂದದ್ದು ನಮ್ಮ ಕಪಾಟಿನ್ಯಾಗ ಇರತಿತ್ತು. ಇವು ಬಾಡಿಗಿ ಮನಿ ಇದ್ದಂಗ. ಚಂದಾ ನಿಂತ ದಿನಾ ಕೀಲಿ ಹಾಕತಾರ. ಹಳೇದೂ ಸಿಗೂದಿಲ್ಲ."

ಚಂದಾ ಕೊಟ್ಟ ವರ್ಷಗಳದ್ದನ್ನು ನಕಲು ಮಾಡಿ ಇಟ್ಟುಕೊಳ್ಳಲು ಪ್ರಕಾಶಕರ ಒಪ್ಪಿಗೆಯಿತ್ತು. ಇಸ್ಮತ ಒಂದೊಂದೇ ಸಂಚಿಕೆಯನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಸೀಡಿ ಡಿಸ್ಕಿಗೆ ತುಂಬುತ್ತ ಕುಳಿತಳು. ಇಂಟರ್ನೆಟ್ಟು ಬರುವುದು ಟೆಲಿಫೋನಿನ ತಂತಿಯಲ್ಲಿ. ಆಫೀಸಿನಲ್ಲಿ ಯಾರಾದರೂ ಫೋನು ಎತ್ತಿದರೆ ಕಡಿಯುತ್ತಿತ್ತು, ಮತ್ತೆ ಮೊದಲಿನಿಂದ ಶುರು. ಹೀಗಾಗಿ ದಿನಾ ಹನ್ನೊಂದರಿಂದ ಒಂದು ಗಂಟೆಯವರೆಗೆ ಹಾಲವ್ವ ಆಫೀಸಿನ ಫೋನಿನ ಮುಂದೆ ಸ್ಟೂಲ್ ಹಾಕಿ ಕೂಡ್ರುವಳು.

"ಏನ ಮಾವಶಿ, ಫೋನಿಗಿ ಕಾವಲಾ?" ಎಂದು ಗುಮಾಸ್ತ ಮಲ್ಲು ಚೇಷ್ಟೆ ಮಾಡಿದರೆ, "ನಿನ್ನಂಥಾವ್ರು ಇದ್ದಲ್ಲೆ ಕಾವಲ ಬೇಕಪಾ," ಎನ್ನುವಳು.

ಎರಡು ವರ್ಷದಲ್ಲಿ ಮೂವತ್ತೇಳು ಡಿಸ್ಕುಗಳಾದವು. ಡಿಸ್ಕುಗಳ ಮೇಲೂ ಲಕೋಟೆಗಳ ಮೇಲೂ ಅಂಕಿ ಬರೆದದ್ದು ಹಾಲವ್ವ. 2005ರ ಮಾರ್ಚಿಗೆ ಚಂದಾ ನಿಂತಿತು, ಇಸ್ಮತ ಹೇಳಿದಂತೆಯೇ ಕೀಲಿ ಬಿತ್ತು.

ಆ ಗ್ರಂಥಾಲಯದಲ್ಲಿ ಪ್ರತಿವರ್ಷ ದಸರೆ ಕಳೆದ ಮೇಲೆ ಮಾಳಿಗೆಯ ಮೇಲೆ ಪುಸ್ತಕಗಳಿಗೆ ಬಿಸಿಲು ತೋರಿಸುವ ರೂಢಿ. ಆ ವರ್ಷ ಇಸ್ಮತ ನಾಲ್ಕು ದಿನ ತರಬೇತಿಗೆಂದು ಸಾಂಗಲಿಗೆ ಹೋಗಿದ್ದಳು. ಕಪಾಟು ತೆರೆದರೆ ಹಿಂದಿನ ಗೋಡೆ ಹಸಿಯಾಗಿತ್ತು, ಮುಗ್ಗಲು ವಾಸನೆ. ಹಾಲವ್ವ ಪುಸ್ತಕಗಳ ಜೊತೆ ಡಿಸ್ಕುಗಳನ್ನೂ ಮೇಲೆ ಒಯ್ದು, ಬಿಳಿ ಧೋತರ ಹಾಸಿ, ಹೊಳೆಯುವ ಬದಿ ಮೇಲೆ ಮಾಡಿ ಹರಡಿದಳು. ಹತ್ತರಿಂದ ನಾಲ್ಕರವರೆಗೆ, ಮೂರು ದಿನ. ಮಧ್ಯಾಹ್ನ ಒಮ್ಮೆ ಮಗುಚಿ ಹಾಕುವಳು.

ಮೂರನೆಯ ದಿನ ಮಲ್ಲು ಮಾಳಿಗೆಗೆ ಬಂದ.

"ಹಪ್ಪಳಾ ಚಲೋ ಒಣಗ್ಯಾವ ಮಾವಶಿ! ಕರದ ಕೊಡತೀ?" ಎಂದು ನಕ್ಕವನು ಹತ್ತಿರ ಬಂದು ಒಂದು ಡಿಸ್ಕು ಎತ್ತಿ ನೋಡಿದ. "ಅಯ್ಯ, ಇವಕ್ಕ ಬಿಸಲ ಆಗೂದಿಲ್ಲ. ಒಳಗಿಂದು ಅಳಿಸಿ ಹೋಗತೈತಿ."

ಹಾಲವ್ವ ಗಡಬಡಿಸಿ ಎಲ್ಲವನ್ನೂ ಕೂಡಿಹಾಕಿದಳು. ಒಂದರಿಂದ ಮೂವತ್ತೇಳರವರೆಗೆ ಅಂಕಿ ನೋಡಿ ಲಕೋಟೆಗೆ ಹಾಕಿ, ಕಪಾಟಿನಲ್ಲಿ ಇದ್ದ ಹಾಗೆಯೇ ಇಟ್ಟಳು. ನೋಡಿದರೆ ಯಾವುದರ ಹೊಳಪೂ ಕಡಿಮೆಯಾಗಿರಲಿಲ್ಲ. ಕಣ್ಣಿಗೆ ಕಾಣದ್ದು ಹೋಯಿತೋ ಉಳಿಯಿತೋ ಅವಳಿಗೆ ಹೇಗೆ ತಿಳಿಯಬೇಕು?

ಇಸ್ಮತ ಸೋಮವಾರ ಬಂದಳು. ಹಾಲವ್ವ ಹೇಳಲಿಲ್ಲ. ಮಂಗಳವಾರವೂ ಹೇಳಲಿಲ್ಲ. ಕೆಲಸ ಹೋಗಬಹುದೆಂಬ ಅಂಜಿಕೆ ಒಂದು ಕಡೆ. ಮೂರು ಸಲ ಕೀಲಿ ಜಗ್ಗುವ ಆ ಹುಡುಗಿಯ ಮುಖ ನೋಡಿ ಹೇಗೆ ಹೇಳುವುದೆಂಬುದು ಅದಕ್ಕಿಂತ ದೊಡ್ಡದು. ಮಲ್ಲುವೂ ಬಾಯಿ ಬಿಡಲಿಲ್ಲ. "ನಡುವ ನಂದೇನೈತಿ? ನೀ ಹೇಳಿದರ ಹೇಳು," ಎಂದಿದ್ದ.

ಬುಧವಾರ ಇಸ್ಮತ ಮೂಲೆಯ ಹಳೆಯ ಕಂಪ್ಯೂಟರನ್ನು ತೋರಿಸಿ ಹೇಳಿದಳು, "ಮಲ್ಲು ಇವತ್ತ ಮೂರಕ್ಕ ಇದನ್ನ ಪೂರಾ ಅಳಿಸಿ ಆಫೀಸಿಗಿ ಒಯ್ಯತಾನಂತ. ಜರ್ನಲ್ ಭಾಳಷ್ಟು ಇದರಾಗ ಇನ್ನೂ ಅದಾವ. ಡಿಸ್ಕಿನ್ಯಾಗ ಎಲ್ಲಾ ಇಟ್ಟೀವಲ್ಲ, ಹೋದ್ರ ಹೋಗಲಿ."

ಆಗ ಗಡಿಯಾರದಲ್ಲಿ ಹನ್ನೆರಡೂಕಾಲು. ಹಾಲವ್ವ ಒರೆಸಿದ ಮೇಜನ್ನೇ ಮತ್ತೆ ಒರೆಸಿದಳು. ಒಂದಾಯಿತು, ಎರಡಾಯಿತು. ಎರಡೂ ಮುಕ್ಕಾಲಿಗೆ ಮಲ್ಲು ಬಂದು ಯಂತ್ರದ ಮುಂದೆ ಕುಳಿತು, ಅವಳತ್ತ ಒಮ್ಮೆ ನೋಡಿ, ಗುಂಡಿ ಒತ್ತಿದ. ಪರದೆ ಬೆಳಗಿತು.

"ತಡಿ!" ಎಂದಳು ಹಾಲವ್ವ. "ಬಾಯಾರ, ಆ ಡಿಸ್ಕ ನಾ ಬಿಸಲಿಗಿ ಹಾಕೇನ್ರಿ. ಮೂರು ದಿನಾ."

ಇಸ್ಮತ ಕುರ್ಚಿ ಹಿಡಿದು ಕುಳಿತುಬಿಟ್ಟಳು. ಹಾಲವ್ವ ಓಡಿಹೋಗಿ ತಂಬಿಗೆ ನೀರು ತಂದು ಮುಂದೆ ಹಿಡಿದಳು, ರಂಜಾನಿನ ರೋಜಾ ಎಂಬುದು ನೆನಪಾಗಿ ಹಿಂದಕ್ಕೆಳೆದಳು. ಅರ್ಧ ನೀರು ನೆಲಕ್ಕೆ ಬಿತ್ತು.

"ಮಲ್ಲಣ್ಣ, ಮುಟ್ಟಬ್ಯಾಡ್ರಿ," ಎಂದಳು ಇಸ್ಮತ. "ಒಂದನೇದ ಕೊಡ್ರಿ ಮಾವಶಿ."

ಒಂದೊಂದಾಗಿ ಹಾಕಿದರು. ಯಂತ್ರ ಗುರುಗುಟ್ಟುವುದು, ನಿಲ್ಲುವುದು. ಮೂವರೂ ಪರದೆಯತ್ತ ಬಗ್ಗುವರು. ಒಂದು ತೆರೆಯಿತು, ಎರಡು ತೆರೆಯಿತು. ಏಳನೆಯದು ತೆರೆಯಲಿಲ್ಲ. ಮಾರನೆಯ ದಿನ ಮಧ್ಯಾಹ್ನಕ್ಕೆ ಎಲ್ಲವೂ ಮುಗಿದವು. ಇಪ್ಪತ್ತೊಂಬತ್ತು ಉಳಿದಿದ್ದವು, ಎಂಟು ಹೋಗಿದ್ದವು. ಆ ಎಂಟರಲ್ಲಿ ಐದು ಹಳೆಯ ಕಂಪ್ಯೂಟರಿನಲ್ಲಿ ಸಿಕ್ಕವು. ಜಾಗ ಸಾಲದೆ ಅದರಿಂದ ಹಿಂದೆಯೇ ಅಳಿಸಿದ್ದ ಏಳು, ಎಂಟು, ಹನ್ನೆರಡು ಎಲ್ಲಿಯೂ ಸಿಗಲಿಲ್ಲ.

ಇಸ್ಮತ ಬೈಯಲಿಲ್ಲ. "ಒಂದ ಪ್ರತಿ ಸಾಕಂತ ತಿಳದದ್ದು ನನ್ನ ತಪ್ಪು," ಎಂದಷ್ಟೇ ಹೇಳಿ ಎರಡು ಪ್ರತಿ ಮಾಡಿಸಿ, ಒಂದನ್ನು ಪ್ರಾಚಾರ್ಯರ ಕೋಣೆಯ ತಿಜೋರಿಯಲ್ಲಿ ಇಡಿಸಿದಳು. ಮುಂದೆ ಪ್ರತಿ ದಸರೆಗೆ ಅವರಿಬ್ಬರೂ ಎಲ್ಲ ಡಿಸ್ಕು ತೆರೆದು ನೋಡುತ್ತಿದ್ದರು.

2008ರ ಮೇ ತಿಂಗಳಲ್ಲಿ ಇಸ್ಮತಳಿಗೆ ಬೇರೆ ಊರಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಕೀಲಿಕೈ ಹಾಲವ್ವನ ಕೈಗಿಟ್ಟಳು. ಹೊಸದಾಗಿ ಬರುವವರು ಗಂಡಸರಂತೆ, ಭಾಳ ಸಿಟ್ಟಿನವರಂತೆ ಎಂದು ಆಫೀಸಿನಲ್ಲಿ ಸುದ್ದಿಯಿತ್ತು. ಹಾಲವ್ವ ಆ ಮಾತನ್ನೇ ಎತ್ತಿದಳು.

ಇಸ್ಮತ ಕೇಳಿದಳು:

"ಇನ್ನೊಮ್ಮೆ ಏನರ ಕೆಟ್ಟರ, ಅವರೆಷ್ಟ ಸಿಟ್ಟಿನಾವ್ರ ಇದ್ರೂ, ಅವತ್ತಿನ ದಿನಾನ ಹೇಳತೀರಿಲ್ಲ ಮಾವಶಿ?"